ಬಿಜಲಿಯ ತಿಂಗಳ ಗುಳಿಗೆ

ನಾನು ಆ ಸುಳ್ಳು ಹೇಳಿದ್ದು ಐನಾಪುರದ ಆಚೆಯ ಒಂದು ದ್ರಾಕ್ಷಿ ತೋಟದ ಮನೆಯಲ್ಲಿ, ಹಾಡಹಗಲು, ಚಹದ ಬಸಿ ಕೈಯಲ್ಲಿರುವಾಗ. ದುರುದ್ದೇಶವೇನೂ ಇರಲಿಲ್ಲ. ಲೋಕಕಲ್ಯಾಣಾರ್ಥವಾಗಿ ಹೇಳಿದ ಸುಳ್ಳು ಅದು. ಲೋಕವೆಂದರೆ ಆ ಹೊತ್ತಿಗೆ ಇಪ್ಪತ್ತೆರಡು ಕಿಲೋ ತೂಕದ ಒಂದು ಮುಧೋಳ ನಾಯಿ ಮಾತ್ರ.

ನಾಯಿಯ ಹೆಸರು ಬಿಜಲಿ. ಹಂದಿ ಓಡಿಸಲೆಂದು ತೋಟದ ಯಜಮಾನ ಮರಿಯಿದ್ದಾಗ ತಂದದ್ದು. ತಂದವನು ಅವನಾದರೂ ಬಟ್ಟೆಯ ಬತ್ತಿಯಲ್ಲಿ ಹಾಲು ಕುಡಿಸಿ ಬೆಳೆಸಿದವರು ಅವನ ತಾಯಿ. ಮನೆಯವರು, ಆಳುಗಳು, ಊರವರು ಎಲ್ಲರೂ ಅವರನ್ನು ಆಯಿ ಎನ್ನುತ್ತಾರೆ. ನನಗಿಂತ ಹತ್ತೇ ವರ್ಷಕ್ಕೆ ಹಿರಿಯರಾದರೂ ನಾನೂ ಹಾಗೇ ಅನ್ನುತ್ತೇನೆ. ಜೈನರ ಮನೆ. ಉಳ್ಳಾಗಡ್ಡಿ ಒಳಗೆ ಬರುವುದಿಲ್ಲ, ನೀರು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ, ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ನಾಯಿಗೂ ಅದೇ ಕಾಯಿದೆ: ಹೊತ್ತು ಮುಳುಗುವ ಮೊದಲು ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ. ಬೇಟೆಗೆಂದೇ ಹುಟ್ಟಿದ ತಳಿ ಅದು. ಆ ಮನೆಯಲ್ಲಿ ಹಂದಿಯನ್ನು ಹೊಲದ ಬದುವಿನವರೆಗೆ ಮರ್ಯಾದೆಯಿಂದ ಬೀಳ್ಕೊಟ್ಟು ಹಿಂದಿರುಗುತ್ತಿತ್ತು.

ನಾನು ಪಶುವೈದ್ಯ. ರಾಯಬಾಗದಿಂದ ಕೃಷ್ಣೆ ದಾಟಿ ಆ ತೋಟಕ್ಕೆ ಎಮ್ಮೆಗಳ ಸಲುವಾಗಿ ಹೋಗುತ್ತಿದ್ದೆ. ಹಿಂದಿನ ವರ್ಷ ಭೋಜದ ಕಡೆಯ ಒಂದು ನಾಯಿ ನನ್ನ ಕೈಯಲ್ಲೇ ಹೃದಯದ ಹುಳುವಿನಿಂದ ಸತ್ತಿತ್ತು. ನಮ್ಮ ಭಾಗದಲ್ಲಿ ಈ ರೋಗ ಅಪರೂಪವೆಂದು ಅಲ್ಲಿಯವರೆಗೆ ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದವನು. ಅದಾದ ಮೇಲೆ ನಿಂತ ನೀರು ಕಂಡರೆ ಕಾಲು ನಿಲ್ಲುತ್ತಿರಲಿಲ್ಲ. ಈ ತೋಟದಲ್ಲಿ ಮನೆಯ ಮಗ್ಗುಲಿಗೇ ಪ್ಲಾಸ್ಟಿಕ್ ಹಾಸಿದ ದೊಡ್ಡ ಕೃಷಿಹೊಂಡ, ಹೊಂಡದ ಮೇಲೆ ಸೊಳ್ಳೆಗಳ ಸಂಸಾರ, ಹೊಂಡದ ದಂಡೆಯಲ್ಲಿ ಬಿಜಲಿಯ ಹಾಸಿಗೆ.

ಸಂಗತಿ ಸರಳ. ರೋಗದ ನಾಯಿಯನ್ನು ಕಚ್ಚಿದ ಸೊಳ್ಳೆ ಇನ್ನೊಂದನ್ನು ಕಚ್ಚಿದಾಗ ಮರಿಹುಳು ಚರ್ಮದೊಳಗೆ ಇಳಿಯುತ್ತದೆ. ಆರೇಳು ತಿಂಗಳಲ್ಲಿ ಅದು ಬೆಳೆದು ಶ್ವಾಸಕೋಶದ ರಕ್ತನಾಳ ಸೇರಿ, ಅಲ್ಲಿಂದ ಹೃದಯದವರೆಗೆ ಶಾವಿಗೆ ಎಳೆಯಂತೆ ಹರಡಿಕೊಳ್ಳುತ್ತದೆ. ಬೆಳೆದ ಹುಳುವನ್ನು ತೆಗೆಯುವುದು ಕಷ್ಟ, ಮರಿಯಿದ್ದಾಗ ಕೊಲ್ಲುವುದು ಸುಲಭ. ತಿಂಗಳಿಗೊಂದು ಗುಳಿಗೆ ಕೊಟ್ಟರೆ ಆ ತಿಂಗಳು ಒಳಸೇರಿದ ಮರಿಗಳೆಲ್ಲ ಸಾಯುತ್ತವೆ. ಬಿಜಲಿಯ ರಕ್ತ ನೋಡಿದೆ, ಸ್ವಚ್ಛವಿತ್ತು. ಚೀಲದಿಂದ ಗುಳಿಗೆ ತೆಗೆದೆ.

ಯಜಮಾನ ಡಬ್ಬಿ ತಿರುಗಿಸಿ ಓದಿದ. ಅವನು ಔಷಧಿ ಡಬ್ಬಿಗಳನ್ನು ಓದುವ ಜಾತಿ, ದ್ರಾಕ್ಷಿಯವರೆಲ್ಲ ಹಾಗೇ.

"ಡಾಕ್ಟ್ರ, ಇದರಾಗ ದನದ ಮಾಂಸದ ರುಚಿ ಐತಿ ಅಂತ ಬರದಾರ ನೋಡ್ರಿ."

"ರುಚಿ ಅಷ್ಟರೀ. ನಾಯಿ ಖುಷಿಲೆ ತಿನ್ಲಿ ಅಂತ."

"ರುಚಿ ಅಷ್ಟ ಅಂದ್ರ? ಬಾಜೂ ಮನಿ ಬೆಳ್ಳೊಳ್ಳಿ ವಾಸನಿ ಬಂದ್ರ ನಮ್ಮ ಆಯಿ ಕಿಡಕಿ ಹಾಕತಾಳ್ರಿ."

ಡಬ್ಬಿಯನ್ನು ಪಾಪದ ಗಂಟಿನಂತೆ ಮುಚ್ಚಿ ಚೀಲದ ತಳಕ್ಕಿಟ್ಟೆ. ಮುಂದಿನ ವಾರ ರುಚಿಯಿಲ್ಲದ ಬಿಳಿ ಗುಳಿಗೆ ತಂದೆ, ವರ್ಷಕ್ಕೆ ಹನ್ನೆರಡು. ಆಯಿ ಚಹ ತಂದು ಕೊಟ್ಟು, "ಇದು ಎದಕ್ರಿ?" ಎಂದರು. ಮಾಂಸದ ರುಚಿಯ ಬಗ್ಗೆಯೇ ಇಷ್ಟು ವಿಚಾರಣೆ ನಡೆದಿರುವಾಗ ಕೊಲ್ಲುವ ಮಾತು ಎತ್ತಿದರೆ ಸಂಜೆಯವರೆಗೆ ಸಾಕ್ಷಿ ಕಟ್ಟೆಯಲ್ಲಿ ನಿಲ್ಲಬೇಕಾಗುತ್ತದೆ ಎನ್ನಿಸಿತು. ನನಗೆ ಇನ್ನೂ ಎರಡು ಎಮ್ಮೆ ನೋಡುವುದಿತ್ತು. "ಶಕ್ತಿ ಗುಳಿಗಿ ರೀ ಆಯಿ. ಎದಿ ಗಟ್ಟಿ ಆಗತೈತಿ," ಎಂದೆ. ಚಹ ಕುಡಿದೆ. ಚೆನ್ನಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಫೋನು ಬಂತು. ಬಿಜಲಿ ಹಂದಿಯ ಹಿಂದೆ ಓಡಿ, ಅರ್ಧಕ್ಕೆ ನಿಂತು, ಕೆಮ್ಮುತ್ತ ಕುಸಿದು ಕುಳಿತಿತಂತೆ.

ಹೋಗಿ ಎದೆಗೆ ಸ್ಟೆತಾಸ್ಕೋಪ್ ಇಟ್ಟೆ. ಪಕ್ಕೆಲುಬು ಎಣಿಸುವಂತಾಗಿತ್ತು, ಮುಧೋಳ ನಾಯಿಯ ಪಕ್ಕೆಲುಬು ಯಾವಾಗಲೂ ಎಣಿಸಬಹುದು, ಆದರೆ ಇದು ಬೇರೆ ತರಹ. ಕಿವಿಯಿಂದ ಒಂದು ಹನಿ ರಕ್ತ ತೆಗೆದು, ಗಾಜಿನ ಪಟ್ಟಿಯ ಮೇಲೆ ಹಚ್ಚಿ, ಯಾವಾಗಲೂ ಜೊತೆಗೊಯ್ಯುವ ಹಳೆಯ ಸೂಕ್ಷ್ಮದರ್ಶಕವನ್ನು ಕಟ್ಟೆಯ ಮೇಲೆ ಬಿಸಿಲಿಗೆ ಹಿಡಿದೆ. ರಕ್ತಕಣಗಳ ನಡುವೆ ಎಳೆಗಳು ಹೊರಳಾಡುತ್ತಿದ್ದವು, ಎರಡು, ನಾಲ್ಕು, ಏಳು.

"ಗುಳಿಗಿ ತಪ್ಪದ ಕೊಟ್ಟೀರಲ್ಲ?"

ಆಯಿ ಒಳಗೆ ಹೋಗಿ ಗುಳಿಗೆಯ ಪಟ್ಟಿ ತಂದರು. ಹನ್ನೆರಡರಲ್ಲಿ ಎಂಟು ಹಾಗೇ ಇದ್ದವು.

"ಚಾತುರ್ಮಾಸ ಬಂತಲ್ರಿ," ಎಂದರು ಆಯಿ, ಇಷ್ಟು ತಿಳಿಯದವನಿಗೂ ತಾಳ್ಮೆಯಿಂದ ವಿವರಿಸುವವರಂತೆ. "ಮಳಿಗಾಲದ ನಾಕ ತಿಂಗಳ ಏನರೆ ಬಿಡಬೇಕು. ರೋಗಕ್ಕ ಔಷಧ ತಗೋಬಹುದು, ಅದಕ್ಕ ದೋಷ ಇಲ್ಲ. ಶಕ್ತಿಗೆ ಅಂತ ತಗೊಳ್ಳೂದು ಆಶಾ ಅಲ್ಲೇನ್ರಿ? ನನ್ನ ಕ್ಯಾಲ್ಸಿಯಂ ಗುಳಿಗಿನೂ ಬಿಟ್ಟೆ, ಅದರದ್ದೂ ಬಿಟ್ಟೆ."

"ಆಮ್ಯಾಲ ಮತ್ತ ಸುರು ಮಾಡಲಿಲ್ಲ?"

ಯಜಮಾನ ಹೇಳಿದ. "ನಾಕ ತಿಂಗಳ ಬಿಟ್ರೂ ಕುದುರಿಗತೆ ಓಡ್ತಿತ್ರಿ. ಶಕ್ತಿ ಏನ ಕಮ್ಮಿ ಆಗಿದ್ದಿಲ್ಲ. ಮತ್ಯಾಕ ಅಂದ್ವಿ."

ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ. ಗುಳಿಗೆ ಬಿಟ್ಟದ್ದು ಸೊಳ್ಳೆಗಳ ಸುಗ್ಗಿಯ ಕಾಲದಲ್ಲಿ. ಬಿಡಲು ಕಾರಣ ಕೊಟ್ಟವನು ನಾನು. ಎದೆ ಗಟ್ಟಿಯಾಗುತ್ತದೆ ಎಂದಿದ್ದೆನಲ್ಲ. ಅಂದು ಚಹ ಮುಟ್ಟದೆ ಎದ್ದೆ.

ಅದರ ನಂತರದ ಹತ್ತು ದಿನ ನಾನು ಕುಳಿತಲ್ಲಿ ಕುಳಿತವನಲ್ಲ. ರಕ್ತದಲ್ಲಿ ಎಳೆಹುಳು ಕಂಡ ಮಾತ್ರಕ್ಕೆ ಹೃದಯದ ಹುಳುವೆಂದು ತೀರ್ಮಾನಿಸುವ ಹಾಗಿಲ್ಲ. ಚರ್ಮದಡಿಯಲ್ಲಿ ಬದುಕುವ ಅದರ ದಾಯಾದಿಯೊಂದಿದೆ, ಅಷ್ಟೇನೂ ಅಪಾಯಕಾರಿಯಲ್ಲ, ನಮ್ಮ ಕಡೆ ಕಾಣುವುದು ಹೆಚ್ಚಾಗಿ ಅದೇ. ಎರಡರ ಮರಿಗಳೂ ನೋಡಲು ಅಣ್ಣ ತಮ್ಮಂದಿರ ಹಾಗಿರುತ್ತವೆ, ದಾಯಾದಿಯದು ತುಸು ಉದ್ದ ಅಷ್ಟೇ. ಒಂದು ಮಿಲಿಲೀಟರ್ ರಕ್ತಕ್ಕೆ ತೆಳು ಫಾರ್ಮಲಿನ್ ಬೆರೆಸಿ, ಯಂತ್ರದಲ್ಲಿ ತಿರುಗಿಸಿ, ತಳದಲ್ಲಿ ಕುಳಿತದ್ದಕ್ಕೆ ನೀಲಿ ಬಣ್ಣ ಹಾಕಿ ಉದ್ದ ಅಳೆದೆ. ಗಿಡ್ಡವೇ ಇದ್ದವು. ಮತ್ತೆ ಅಳೆದೆ. ಮೂರನೇ ಸಲ ಅಳೆಯುವಾಗ, ಉದ್ದವಾಗಲಿ ಎಂದು ನಾನೇ ಎಳೆಯುತ್ತಿದ್ದೇನೆಂದು ಅರಿವಾಗಿ ನಿಲ್ಲಿಸಿದೆ.

ಖಾತ್ರಿಗೆ ರಕ್ತ ಪರೀಕ್ಷೆಯ ಕಿಟ್ ಬೇಕು. ನನ್ನ ಕಪಾಟಿನಲ್ಲಿ ಒಂದಿತ್ತು, ಅವಧಿ ಮೀರಿತ್ತು. ಅವಧಿ ಮೀರಿದರೂ ಕೆಲಸ ಮಾಡುವವರು ಲೋಕದಲ್ಲಿದ್ದೇವೆ ಎಂದು ಹಾಕಿ ನೋಡಿದೆ, ಗೆರೆಯೇ ಮೂಡಲಿಲ್ಲ. ಕೊಲ್ಹಾಪುರದಿಂದ ಹೊಸದನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ತರಿಸಿದೆ. ಎರಡು ಗೆರೆ ಮೂಡಿದವು. ಎರಡನೆಯದು ಎಂದರೆ ಬೆಳೆದ ಹೆಣ್ಣು ಹುಳು ಒಳಗಿದೆ ಎಂದು. ಮಿರಜಿಗೆ ಕರೆದೊಯ್ದು ಎದೆಯ ಎಕ್ಸ್‌ರೇ ತೆಗೆಸಿದೆವು. ಹೃದಯದ ಬಲಭಾಗ ಸ್ವಲ್ಪ ಉಬ್ಬಿತ್ತು. ಸ್ವಲ್ಪವೇ. ಆ ಒಂದು ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ತಿರುಗಿಸಿ ತಿರುಗಿಸಿ ನೋಡಿಕೊಂಡೆ.

ಬೆಳೆದ ಹುಳುವನ್ನು ನೇರವಾಗಿ ಕೊಲ್ಲುವ ಸೂಜಿಮದ್ದು ಎಷ್ಟು ಹುಡುಕಿದರೂ ನನ್ನ ಕೈಗೆ ಹತ್ತಲಿಲ್ಲ. ಉಳಿದದ್ದು ನಿಧಾನದ ದಾರಿ. ನಾಲ್ಕು ವಾರ ದಿನಕ್ಕೆರಡು ಹೊತ್ತು ಒಂದು ಪ್ರತಿಜೀವಕ. ಅದು ಹುಳುವಿನೊಳಗಿರುವ ಬ್ಯಾಕ್ಟೀರಿಯಾವನ್ನು ಕೊಂದು ಹುಳುವನ್ನು ಸೊರಗಿಸುತ್ತದೆ. ಜೊತೆಗೆ ಪ್ರತಿ ತಿಂಗಳು ಅದೇ ಗುಳಿಗೆ, ಹೊಸ ಮರಿ ಸೇರದಂತೆ. ಹೀಗೆ ಒಂದು ವರ್ಷ, ಇನ್ನೂ ಹೆಚ್ಚೂ ಆಗಬಹುದು. ಅಲ್ಲಿಯವರೆಗೆ ನಾಯಿ ಓಡಕೂಡದು. ಓಡಿದರೆ ಸತ್ತ ಹುಳುವಿನ ತುಂಡು ಶ್ವಾಸಕೋಶಕ್ಕೆ ಸಿಕ್ಕಿ ಅಲ್ಲೇ ಪ್ರಾಣ ಹೋಗಬಹುದು.

ಓಡಕೂಡದೆಂದು ಮುಧೋಳ ನಾಯಿಗೆ ಹೇಳುವುದೆಂದರೆ ಹರಿಯಬೇಡವೆಂದು ಕೃಷ್ಣೆಗೆ ಹೇಳಿದಂತೆ. ಪಡಸಾಲೆಯ ಪಕ್ಕದ ಕೋಣೆಯಲ್ಲಿ ಅದನ್ನು ಕಟ್ಟಿದರು. ಸರಪಳಿಯ ಅಳತೆಗೆ ಗೋಡೆಯಿಂದ ಗೋಡೆಗೆ ಅದು ತಿರುಗಿದ್ದೇ ತಿರುಗಿದ್ದು. ನೆಲದ ಶಹಾಬಾದಿ ಕಲ್ಲಿನ ಮೇಲೆ ಉಗುರಿನ ಸದ್ದು ನಿಲ್ಲುತ್ತಿರಲಿಲ್ಲ. ಆಯಿ ಜಪಮಣಿ ಹಿಡಿದು ಅಲ್ಲೇ ಕುಳಿತಿರುತ್ತಿದ್ದರು.

ಮೊದಲ ತಿಂಗಳ ಗುಳಿಗೆ ಕೊಟ್ಟ ದಿನ ನಾನು ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಇದ್ದೆ. ರಕ್ತದಲ್ಲಿ ಮರಿಗಳಿರುವ ನಾಯಿಗೆ ಇದನ್ನು ಕೊಟ್ಟಾಗ ಅವು ಒಮ್ಮೆಲೇ ಸತ್ತು ನಾಯಿಗೆ ಆಘಾತವಾಗುವುದುಂಟು. ಮೊದಲೇ ಅದಕ್ಕೊಂದು ತಡೆಮದ್ದು ಕೊಟ್ಟು, ಸಲೈನ್ ಬಾಟಲಿ ಗೂಟಕ್ಕೆ ತೂಗುಹಾಕಿ, ಅರ್ಧ ಗಂಟೆಗೊಮ್ಮೆ ಒಸಡಿನ ಬಣ್ಣ ನೋಡಿದೆ. ಏನೂ ಆಗಲಿಲ್ಲ. ನಾಯಿ ಮಲಗಿತು. ನಾನು ಗೋಡೆಯಿಂದ ಗೋಡೆಗೆ ತಿರುಗಿದೆ.

ಹಾಗೆ ತಿರುಗುವಾಗ ಒಂದು ಲೆಕ್ಕ ಹತ್ತಿತು. ಇನ್ನು ಎರಡು ತಿಂಗಳಿಗೆ ಮತ್ತೆ ಚಾತುರ್ಮಾಸ. ಈ ಸಲ ರೋಗವಿದೆ, ರೋಗದ ಔಷಧಕ್ಕೆ ದೋಷವಿಲ್ಲವೆಂದು ಆಯಿಯೇ ಹೇಳಿದ್ದಾರೆ, ಆದ್ದರಿಂದ ಸುಮ್ಮನಿದ್ದರೆ ನಡೆಯುತ್ತದೆ. ಆದರೆ ರೋಗ ಹೋದ ಮೇಲೆ? ಗಟ್ಟಿಮುಟ್ಟಾದ ನಾಯಿಗೆ ಪ್ರತಿ ತಿಂಗಳು ಗುಳಿಗೆ ಯಾಕೆಂದು ತಿಳಿಯದವರು ಅದನ್ನು ಮತ್ತೆ ಬಿಡುತ್ತಾರೆ, ನ್ಯಾಯವಾಗಿಯೇ ಬಿಡುತ್ತಾರೆ. ರೋಗಕ್ಕೆ ಮದ್ದು ಕೊಡಲು ಸುಳ್ಳು ಸಾಕು, ಕೆಮ್ಮು ತಾನೇ ಜ್ಞಾಪಿಸುತ್ತದೆ. ರೋಗ ಬರದ ಹಾಗೆ ಮದ್ದು ಕೊಡಲು ಕಾರಣ ಗೊತ್ತಿರಬೇಕು. ಹೇಳಿಬಿಡುವುದೆಂದು ನಿರ್ಧರಿಸಿದೆ.

ಬರೀ ಬಾಯಿಮಾತಿನಲ್ಲಿ ಹೇಳುವ ಬದಲು ತೋರಿಸೋಣವೆಂದುಕೊಂಡೆ. ಮೊದಲು ತೆಗೆದ ಗಾಜಿನ ಪಟ್ಟಿಗಳಲ್ಲಿ ಬಣ್ಣ ಹಾಕಿದ್ದು ಒಂದಿತ್ತು, ಆದರೆ ಸತ್ತ ಹುಳು ಯಾರಿಗೂ ಅಸಹ್ಯ ಹುಟ್ಟಿಸುವುದಿಲ್ಲ. ಮುಂದಿನ ಸಲ ಹೋದಾಗ ಬಿಜಲಿಯ ಕಿವಿಯಿಂದಲೇ ಹೊಸ ಹನಿ ತೆಗೆದೆ. ಕಡಿಮೆಯಾಗಿದ್ದರೂ ಇನ್ನೂ ಒಂದೆರಡು ಹೊರಳುತ್ತಿದ್ದವು. ಆಯಿ ಕನ್ನಡಕ ತೆಗೆದು ಕಣ್ಣು ಹಚ್ಚಿದರು. ಬಹಳ ಹೊತ್ತು ನೋಡಿದರು. ಈಗ ಮುಖ ಕಿವಿಚುತ್ತಾರೆ, ಈಗ ಛೀ ಎನ್ನುತ್ತಾರೆ ಎಂದು ಕಾದೆ.

"ಅಯ್ಯ, ಎಷ್ಟ ಸಣ್ಣ ಜೀವ ಅದಾವು," ಎಂದರು ಆಯಿ, ಮೆತ್ತಗೆ. "ಹೆಂಗ ಒದ್ದಾಡಾಕತ್ತಾವ ನೋಡು."

ಇಷ್ಟು ದಿನದ ಬೆವರಿಗೆ ನಾನು ಸಾಧಿಸಿದ್ದು ಇದು: ಹುಳುವಿನ ಕಡೆಗೆ ಒಬ್ಬ ವಕೀಲರನ್ನು ಹುಟ್ಟಿಸಿದ್ದೆ.

"ನಿಮ್ಮ ಗುಳಿಗಿ ಇವನ್ನ ಏನ ಮಾಡತೈತಿ?"

"ಕೊಲ್ಲತೈತ್ರಿ."

"ಶಕ್ತಿ ಗುಳಿಗಿ ಅಂದಿದ್ರಿ."

"ಸುಳ್ಳ ಹೇಳಿದ್ದೆ ರೀ, ಆಯಿ. ಕೊಲ್ಲೂ ಮಾತ ತಗದ್ರ ನೀವು ಬ್ಯಾಡ ಅಂತೀರಿ ಅಂತ ಅಂಜಿದ್ದೆ. ನಾ ಖರೆ ಹೇಳಿದ್ರ ಬಿಜಲಿಗಿ ಇದು ಬರತಿದ್ದಿಲ್ಲ."

ಯಜಮಾನ ಬೇರೆ ಕಡೆ ನೋಡಿದ. ಆಯಿ ಸಿಟ್ಟಾಗಲಿಲ್ಲ, ಅದು ಇನ್ನೂ ಕಷ್ಟದ್ದಾಗಿತ್ತು. ಒಂದೊಂದೇ ಪ್ರಶ್ನೆ ಕೇಳಿದರು. ಸೊಳ್ಳೆ ಕಚ್ಚದಿದ್ದರೆ ಹುಳು ಬರುವುದಿಲ್ಲ ಹೌದಲ್ಲ? ಹೌದು. ಹುಳು ಬರದಿದ್ದರೆ ಗುಳಿಗೆ ಯಾರನ್ನೂ ಕೊಲ್ಲುವುದಿಲ್ಲ ಹೌದಲ್ಲ? ಹೌದು. ಹಾಗಾದರೆ ಸೊಳ್ಳೆ ಕಚ್ಚದಂತೆ ಮಾಡಿದರಾಯಿತು. ಮಾಡಬೇಕು, ಆದರೆ ಒಂದೇ ಸೊಳ್ಳೆ ನುಸುಳಿದರೂ ಸಾಕು, ಅದಕ್ಕೇ ಗುಳಿಗೆಯೂ ಇರಬೇಕು ಎಂದೆ. ಹೊಂಡಕ್ಕೆ ಗಪ್ಪಿ ಮೀನು ಬಿಟ್ಟರೆ ಸೊಳ್ಳೆಮರಿ ತಿನ್ನುತ್ತವೆ ಎಂದೂ ಸೇರಿಸಿದೆ. ಆಯಿ ನನ್ನನ್ನು ನೋಡಿದ ರೀತಿಗೆ ಆ ಸೂಚನೆಯನ್ನು ಅಲ್ಲೇ ಹಿಂತೆಗೆದುಕೊಂಡೆ.

"ಚಾತುರ್ಮಾಸದಾಗ ನಾ ಕೊಡತೀನ್ರಿ," ಎಂದ ಯಜಮಾನ. "ಆಯಿಗಿ ಯಾಕ."

"ನಿನ್ನ ಕೈ ಬ್ಯಾರೆ, ನನ್ನ ಕೈ ಬ್ಯಾರೆ ಏನಲೇ? ಈ ಮನ್ಯಾಗ ಯಾರ ಕೊಟ್ರೂ ನಾ ಕೊಟ್ಟಂಗ."

"ಹಂಗಾರ ನಾನ ಬಂದು ಕೊಡತೀನ್ರಿ," ಎಂದೆ. "ಪಾಪ ನನಗಿರ್ಲಿ. ಸುಳ್ಳಿನದ್ದು ಮೊದಲ ಐತಿ, ಅದರ ಜೋಡಿ ಕೂಡ್ತೈತಿ."

"ಪಾಪ ಹಂಗ ಹೊರಸಾಕ ಬರೂದಿಲ್ರಿ, ಡಾಕ್ಟ್ರ. ಮಾಡೂದು, ಮಾಡಿಸೂದು, ಮಾಡಿದ್ದಕ್ಕ ಹೂಂ ಅನ್ನೂದು, ಮೂರೂ ಒಂದ." ಸ್ವಲ್ಪ ಹೊತ್ತು ಜಪಮಣಿ ತಿರುಗಿತು. "ನೀವು ನಿಮ್ಮ ಧರ್ಮ ಮಾಡ್ರಿ. ನಾ ಹೂಂ ಅನ್ನೂದಿಲ್ಲ, ಉಹೂಂ ಅನ್ನೂದಿಲ್ಲ. ಬಾಗಲಾ ತಗದಿರತೈತಿ."

ಒಪ್ಪಂದ ಅಷ್ಟೇ. ದಿನವನ್ನೂ ಆಯಿಯೇ ಗೊತ್ತು ಮಾಡಿದರು: ಪ್ರತಿ ತಿಂಗಳ ಶುದ್ಧ ತದಿಗೆ. ಪಂಚಮಿ, ಅಷ್ಟಮಿ, ಚತುರ್ದಶಿ ಉಪವಾಸಕ್ಕೆ ಮೀಸಲು, ತದಿಗೆ ಖಾಲಿಯಿತ್ತು. ತದಿಗೆಯಿಂದ ತದಿಗೆಗೆ ಇಪ್ಪತ್ತೊಂಬತ್ತೋ ಮೂವತ್ತೋ ದಿನ. ಔಷಧಿ ಕಂಪನಿಯವರೇ ಕುಳಿತು ಲೆಕ್ಕ ಹಾಕಿದ್ದರೂ ಇದಕ್ಕಿಂತ ಚೆನ್ನಾಗಿ ಹೊಂದುತ್ತಿರಲಿಲ್ಲ. ಮೂವತ್ತು ದಿನ ದಾಟಬಾರದು, ಒಂದು ದಿನವೂ ಸವಡಿಲ್ಲ ಎಂದು ನಾನು ಖಡಕ್ಕಾಗಿ ಹೇಳಿದೆ. ಗುಳಿಗೆಯ ಪಟ್ಟಿ ಅವರ ಮನೆಯ ಗೂಡಿನಲ್ಲೇ ಉಳಿಯಿತು, ಕೈ ಮಾತ್ರ ನನ್ನದು.

ಆಯಿ ಹಳೆಯ ಸೀರೆ, ಪರದೆ ಬಟ್ಟೆಗಳನ್ನು ಕೂಡಿಸಿ ಬಿಜಲಿಯ ಕೋಣೆಯ ಕಿಟಕಿ ಬಾಗಿಲಿಗೆಲ್ಲ ಸೊಳ್ಳೆಪರದೆ ಹೊಲಿಸಿದರು. ಯಜಮಾನ ಹೊಂಡದ ದಂಡೆಯ ಡಬ್ಬಿ, ಟೈರುಗಳನ್ನೆಲ್ಲ ಬೋರಲು ಹಾಕಿದ. ಆಷಾಢ ಬಂತು, ಹುಣ್ಣಿಮೆಯ ಹೊತ್ತಿಗೆ ಚಾತುರ್ಮಾಸ, ಆಯಿ ನೇಮಕ್ಕೆ ಅಣಿಯಾದರು. ತದಿಗೆಯ ದಿನ ನಾನು ಹೋದೆ. ಬಾಗಿಲು ತೆರೆದಿತ್ತು. ಆಯಿ ಹಿತ್ತಲಿಗೆ ಹೋದರು. ನಾಯಿಯ ಬಾಯಿ ತೆರೆದು, ನಾಲಿಗೆಯ ಬುಡಕ್ಕೆ ಗುಳಿಗೆ ಇಟ್ಟು, ಗಂಟಲು ಸವರಿ ನುಂಗಿಸಿದೆ. ಆಯಿ ಹಿತ್ತಲಿನಿಂದ ಬಂದು, "ಚಹ ಕುಡೀರಿ," ಎಂದರು, ಆ ಹೊತ್ತಿಗೆ ಬಂದ ಯಾರೋ ಅತಿಥಿಗೆ ಹೇಳುವಂತೆ.

ಶ್ರಾವಣದ ತದಿಗೆಗೆ ಮೂರು ದಿನ ಮೊದಲು ಮಹಾರಾಷ್ಟ್ರದ ಮಳೆಯೆಲ್ಲ ನಮ್ಮ ಹೊಳೆಗೆ ಇಳಿಯಿತು. ಕುಡಚಿ ಸೇತುವೆಯ ಮೇಲೆ ನೀರು. ನಾನು ಹೋಗಿ ನೋಡಿದೆ. ನೋಡಿದರೆ ಇಳಿಯುತ್ತದೇನೋ ಎಂಬಂತೆ. ಅಡ್ಡಗಟ್ಟೆಯ ಹತ್ತಿರ ಕೊಡೆ ಹಿಡಿದ ಪೇದೆಯೊಬ್ಬ ನಿಂತಿದ್ದ.

"ಎಲ್ಲಿಗಿ ಸಾಹೇಬ್ರ?"

"ಐನಾಪುರಕ್ಕ. ಪೇಷಂಟ್ ಐತಿ, ಔಷಧ ಕೊಡೂದೈತಿ."

"ಯಾರ್ರಿ ಪೇಷಂಟ್?"

"ನಾಯಿ."

ಅವನು ನನ್ನನ್ನೊಮ್ಮೆ, ಹೊಳೆಯನ್ನೊಮ್ಮೆ ನೋಡಿದ. "ಫೋನ್ ಹಚ್ಚಿ ಕೇಳ್ರಿ. ಅದಕ್ಕ ಈಸ ಬರತಿದ್ರ ಈ ಕಡೆ ಬರ್ಲಿ."

ಫೋನ್ ಹಚ್ಚುವುದನ್ನು ನಾನು ಎರಡು ದಿನದಿಂದ ಮಾಡುತ್ತಲೇ ಇದ್ದೆ. ಆ ದಂಡೆಗೆ ಕರೆಂಟೂ ಇಲ್ಲ, ಫೋನೂ ಹತ್ತುತ್ತಿಲ್ಲ. ಚಿಕ್ಕೋಡಿಯ ಮೇಲಿಂದ ಅಂಕಲಿಗೆ ಹೋದೆ; ಅಲ್ಲಿಯ ಸೇತುವೆಗೂ ಅಡ್ಡಗಟ್ಟೆ. ತದಿಗೆ ಬಂತು, ಹೋಯಿತು. ದವಾಖಾನೆಯಲ್ಲಿ ಒಂದು ಆಕಳಿಗೆ ಕೊಡಬೇಕಾದ ಸೂಜಿಯನ್ನು ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದು ಮೋಡ ನೋಡುತ್ತಿದ್ದೆ. ಆಕಳಿನ ಒಡೆಯ ಎರಡು ಸಲ ಸುಮ್ಮನಿದ್ದು ಮೂರನೆಯ ಸಲ, "ಡಾಕ್ಟ್ರ, ಆಕಳ ಒಳಗೈತ್ರಿ," ಎಂದ.

ವಿಚಿತ್ರವೆಂದರೆ ನನಗೆ ಇಷ್ಟು ಚಡಪಡಿಕೆಗೆ ಕಾರಣವಿರಲಿಲ್ಲ. ಈ ಗುಳಿಗೆಗೆ ಹದಿನೈದು ದಿನದ ಸವಡು ಇದೆ. ನಲವತ್ತೈದನೇ ದಿನಕ್ಕೆ ಕೊಟ್ಟರೂ ಹೆಚ್ಚುಕಡಿಮೆ ಕೆಲಸ ಮಾಡುತ್ತದೆ. ಅದನ್ನು ನಾನು ಯಾರಿಗೂ ಹೇಳುವುದಿಲ್ಲ, ಯಾಕೆಂದರೆ ಹದಿನೈದು ದಿನ ಎಂದರೆ ನಮ್ಮ ಜನ ಎರಡು ತಿಂಗಳು ಮಾಡುತ್ತಾರೆ. ಆದರೆ ಹೊಳೆ ಯಾವಾಗ ಇಳಿಯುತ್ತದೆಂದು ಯಾರಿಗೆ ಗೊತ್ತು. ನನ್ನ ಚಡಪಡಿಕೆ ಮಾತ್ರ ಗುಳಿಗೆಯದ್ದಷ್ಟೇ ಆಗಿರಲಿಲ್ಲ. ಆ ದಂಡೆಯಲ್ಲಿ ಒಬ್ಬ ಮುದುಕಿ ದಿನ ಎಣಿಸುತ್ತ ಕುಳಿತಿರುತ್ತಾರೆ, ಅವರಿಗೆ ನಾನು ಒಂದು ದಿನದ ಸವಡನ್ನೂ ಬಿಟ್ಟುಕೊಟ್ಟಿಲ್ಲ.

ತದಿಗೆ ಕಳೆದ ಆರನೇ ದಿನ ಸೇತುವೆ ಬಿಟ್ಟರು. ರಸ್ತೆಯ ಮೇಲೆ ಕೆಸರು, ಕಬ್ಬಿನ ಸೋಗೆ. ತೋಟ ಎತ್ತರದಲ್ಲಿತ್ತು, ಮನೆಗೆ ನೀರು ಬಂದಿರಲಿಲ್ಲ. ಬಾಗಿಲು ತೆರೆದಿತ್ತು. ಒಳಗೆ ಹೋದವನೇ ಬಿಜಲಿಯ ಎದೆಗೆ ಕಿವಿಗೊಟ್ಟೆ. ಉಸಿರು ಮೊದಲಿಗಿಂತ ಹಗುರವಾಗಿತ್ತು. ಕಿವಿಯ ಹನಿ ನೋಡಿದೆ, ಎಳೆಹುಳು ಒಂದೂ ಕಾಣಲಿಲ್ಲ. ದೊಡ್ಡವು ಒಳಗಿವೆ, ಅವು ಅಷ್ಟು ಸುಲಭಕ್ಕೆ ಮನೆ ಖಾಲಿ ಮಾಡುವುದಿಲ್ಲ. ಗೂಡಿನಿಂದ ಪಟ್ಟಿ ತೆಗೆದೆ. ಒಂದು ಗುಳಿಗೆ ಕಡಿಮೆಯಿತ್ತು.

ಯಜಮಾನನ ಕಡೆ ತಿರುಗಿದೆ. ಅವನು ತಾಯಿಯ ಕಡೆ ಕಣ್ಣು ಮಾಡಿದ.

"ತದಿಗಿ ದಿನ ಹೊತ್ತ ಮುಳಗೂ ತನಕ ನಿಮ್ಮ ದಾರಿ ನೋಡಿದೆ," ಎಂದರು ಆಯಿ. "ಆಮ್ಯಾಲ ತುಪ್ಪದಾಗ ಅದ್ದಿ ಕೊಟ್ಟೆ. ಒಳಗ ಹುಳ ಅದಾವೋ ಇಲ್ಲೋ ನನಗ ಕಾಣೂದಿಲ್ಲ. ಇದು ಮುಂದ ಕುಂತು ನನ್ನ ಮಾರಿ ನೋಡಾಕತ್ತಿತ್ತು. ಮರದಿನ ಉಪವಾಸ ಮಾಡಿದೆ."

ನಾನು ಕಟ್ಟೆಯ ಮೇಲೆ ಕುಳಿತೆ. ಇನ್ನೊಂದು ಸುಳ್ಳು ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. "ಆಯಿ, ಹದಿನೈದ ದಿನ ಸವಡ ಐತ್ರಿ ಇದಕ್ಕ. ನಾ ಹೇಳಿದ್ದಿಲ್ಲ. ಇವತ್ತ ನಾ ಬಂದು ಕೊಟ್ರೂ ನಡೀತಿತ್ತು. ನೀವು ನೇಮ ಮುರೀಬೇಕಾಗಿದ್ದಿಲ್ಲ."

ಯಜಮಾನ, "ಡಾಕ್ಟ್ರ, ನೀವು ಖರೆ ಅನ್ನೂದನ್ನ ಸಾಲದ ಹಪ್ತಾದಂಗ ಕೊಡತೀರಿ ನೋಡ್ರಿ," ಎಂದ. ಆಯಿ ಅವನಿಗೆ ಸುಮ್ಮನಿರಲು ಸನ್ನೆ ಮಾಡಿದರು.

"ಇರ್ಲಿ ಬಿಡ್ರಿ. ಹದಿನೈದ ದಿನ ಐತಿ ಅಂತ ಮೊದಲ ಹೇಳಿದ್ರ ಹದಿನೈದು ದಿನಾನೂ ನನಗ ನಿದ್ದಿ ಹತ್ತತಿದ್ದಿಲ್ಲ. ಒಂದ ದಿನದಾಗ ಮುಗೀತು." ನಾಯಿಯ ತಲೆ ಅವರ ಮೊಣಕಾಲ ಮೇಲಿತ್ತು. "ಬರೂ ತದಿಗಿಗಿ ನೀವು ಇಷ್ಟ ದೂರ ಬರೂದು ಬ್ಯಾಡ್ರಿ."

ಭಾದ್ರಪದದ ತದಿಗೆಯಂದು ನಾನು ರಾಯಬಾಗದಲ್ಲೇ ಇದ್ದೆ. ಹೊಳೆ ಇಳಿದಿತ್ತು, ಸೇತುವೆ ಒಣಗಿತ್ತು, ಹೋಗಬೇಕೆಂದರೆ ಒಂದು ಗಂಟೆಯ ದಾರಿ. ಬೆಳಗಿನಿಂದ ದವಾಖಾನೆಯ ಒಳಗೂ ಹೊರಗೂ ತಿರುಗಾಡಿದೆ. ಹೊತ್ತು ಮುಳುಗಲು ಸ್ವಲ್ಪ ಇರುವಾಗ ಫೋನು ಬಂತು.

"ಕೊಟ್ಟೆ ರೀ," ಎಂದರು ಆಯಿ. ನಾನು ಏನಾದರೂ ಹೇಳುವ ಮೊದಲೇ ಇಟ್ಟರು.